ಹಟ್ಟಿಗೆ ಬಂದ ಡೈನೋಸಾರ್

ಮಕ್ಕಳಿಗೆ ಪಾಠ ಹೇಳುವುದು ಮೇಷ್ಟರ ಕೆಲಸದಲ್ಲಿ ಸುಲಭದ ಭಾಗ. ಮಕ್ಕಳು ಏನನ್ನು ನೋಡಬಾರದು ಎಂದು ದೊಡ್ಡವರು ತೀರ್ಮಾನಿಸುವಾಗ ಅವರ ಜೊತೆ ಕೂತಿರುವುದು ಕಷ್ಟದ ಭಾಗ. ನನ್ನ ಸರ್ವೀಸಿನಲ್ಲಿ ಇಂಥದ್ದು ವರ್ಷಕ್ಕೊಂದಾದರೂ ನಡೆದಿದೆ. ಇಲ್ಲಿ ಹೇಳುತ್ತಿರುವುದು ತೊಂಬತ್ತರ ದಶಕದ ಕೊನೆಯದು. ಆಗ ನಾನು ಚಳ್ಳಕೆರೆ ತಾಲ್ಲೂಕಿನಲ್ಲಿ ಸುತ್ತ ಮುಳ್ಳುಬೇಲಿಯಿದ್ದ ಒಂದು ಪುಟ್ಟ ಹಟ್ಟಿಯ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದೆ. ಡೈನೋಸಾರ್ ಬಗೆಗಿನ ಸಾಕ್ಷ್ಯಚಿತ್ರದ ಕ್ಯಾಸೆಟ್ ಒಂದು ಕೈಗೆ ಸಿಕ್ಕಿತ್ತು. ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟುಬಿಟ್ಟಿದ್ದೆ. ಆ ಒಂದು ಮಾತಿನ ಮೇಲೆ ಅವರು ಮಗ್ಗಿಯನ್ನೂ ಒಪ್ಪಿಸತೊಡಗಿದ್ದರು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

೧. ಟವೆಲ್ಲು

ಮೊದಲು ತಾನು ನೋಡಬೇಕು, ಹೆಚ್ಚುಕಮ್ಮಿಯಾದರೆ ಊರಿಗೆ ಉತ್ತರ ಹೇಳುವವನು ತಾನು ಎಂದರು ಹೆಡ್ ಮೇಷ್ಟರು. ಚಳ್ಳಕೆರೆಯಲ್ಲಿ ಟೀವಿ, ಕ್ಯಾಸೆಟ್ ಹಾಕುವ ಡೆಕ್ ಬಾಡಿಗೆಗೆ ಕೊಡುವ ಅಂಗಡಿಗೆ ಹೋಗಿ ಕೂತೆವು.

ಒಂದು ಪ್ರಾಣಿ ಇನ್ನೊಂದರ ಹೊಟ್ಟೆ ಬಗೆಯಿತು. ಹೆಡ್ ಮೇಷ್ಟರು ಟೀ ಕುಡಿಯುತ್ತಾ ನೋಡಿದರು. ಮರಿಗಳನ್ನು ನುಂಗುವುದನ್ನೂ ನೋಡಿದರು. ಆಮೇಲೆ ಉದ್ದ ಕತ್ತಿನ ಎರಡು ಪ್ರಾಣಿಗಳು ಹತ್ತಿರ ಬಂದು ಕತ್ತಿಗೆ ಕತ್ತು ಹೆಣೆದವು. ಹೆಡ್ ಮೇಷ್ಟರು ತಟ್ಟನೆ ಎದ್ದು, ಹೆಗಲ ಮೇಲಿನ ಟವೆಲ್ಲನ್ನು ಟೀವಿಗೆ ಅಡ್ಡ ಹಿಡಿದು, ಅದಕ್ಕೆ ಬೆನ್ನು ಮಾಡಿ ನಿಂತರು. ಅಂಗಡಿಯಲ್ಲಿ ಇದ್ದದ್ದು ನಾವು ಮೂರೇ ಜನ. ಎಲ್ಲರಿಗಿಂತ ಚಿಕ್ಕವನು ಅಂಗಡಿಯವನು, ಅವನಿಗೂ ಮದುವೆಯಾಗಿತ್ತು.

"ಮುಗೀತಾ?" ಎಂದರು ತಿರುಗಿ ನೋಡದೆ.

ಅಂಗಡಿಯವನು ಟವೆಲ್ಲಿನ ಪಕ್ಕದಿಂದ ಇಣುಕಿದ. "ಇಲ್ಲ ಸಾರ್. ಒಂದರ ಕಾಲು ಮುರೀತು."

"ಜಗಳಾನಾ?"

"ಜಗಳಾನೇ ಸಾರ್."

ಟವೆಲ್ಲು ಹೆಗಲಿಗೆ ವಾಪಸಾಯಿತು. "ಮೊದ್ಲೇ ಹೇಳಬಾರದೇನ್ರೀ. ಜಗಳ ಆದ್ರೆ ಮಕ್ಕಳು ನೋಡಬಹುದು."

ಹಟ್ಟಿಯ ಕಡೆ ಹೋಗುವ ಪರಶುರಾಂಪುರದ ಬಸ್ಸಿಗೆ ಹೊತ್ತಾಗಿತ್ತು. ಕೊನೆಯ ಭಾಗ ನೋಡದೆಯೇ ಎದ್ದೆವು. ಅಲ್ಲಿಯವರೆಗೆ ಆಕ್ಷೇಪಣೆಗೆ ಏನೂ ಸಿಕ್ಕಿರಲಿಲ್ಲವಾದ್ದರಿಂದ ಮುಂದೆಯೂ ಇರಲಾರದು ಎಂದು ಹೆಡ್ ಮೇಷ್ಟರು ತೀರ್ಮಾನಿಸಿದರು.

೨. ಕಾಯುವವನಿಲ್ಲದ ಮಂದೆ

ಟೀವಿ, ಡೆಕ್ಕು ಒಂದು ದಿನದ ಮಟ್ಟಿಗೆ ಹಟ್ಟಿಗೆ ಬಂದವು. ಸಂಜೆ ಬಸ್ಸಿಗೆ ವಾಪಸು ಕಳಿಸಬೇಕು. ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು, ನಾವೂ ನೋಡಿಯೇ ಬಿಡೋದು, ಮಕ್ಕಳು ಹೆದರಿಕೊಂಡರೆ ಏನು ಗತಿ ಎಂದರು. ಸರಿ, ಕಿಟಕಿಗಳಿಗೆ ಕಂಬಳಿ ಕಟ್ಟಿದೆವು. ಮಕ್ಕಳು ಹೊರಗೆ ಬೇವಿನ ಮರದಡಿ ಕೂತರು. ಹಾಗೆ ಕೂರಿಸಿದ್ದು ನಾವು. ಅವರು ಇದ್ದದ್ದು ಕಿಟಕಿಯ ಹೊರಗೆ, ಕಂಬಳಿಯ ಸಂದಿಗೆ ಕಣ್ಣಿಟ್ಟು.

ಅಧ್ಯಕ್ಷರು ಕುರಿ ಸಾಕುವವರು. ಸಮಿತಿಯ ಉಳಿದವರೂ ಅಷ್ಟೆ. ಅಧ್ಯಕ್ಷರ ಅವ್ವ ಮಾತ್ರ ಸಮಿತಿಯಲ್ಲಿರಲಿಲ್ಲ, ಆದರೆ ಅವರಿಲ್ಲದೆ ಸಮಿತಿ ಏನನ್ನೂ ತೀರ್ಮಾನಿಸುತ್ತಿರಲಿಲ್ಲ. ಆ ಅಜ್ಜಿ ಮುಂದಿನ ಸಾಲಿನಲ್ಲಿ ಕೂತರು. ಚಿತ್ರದ ಇಂಗ್ಲಿಷನ್ನು ನಾನು ನಿಂತು ಕನ್ನಡದಲ್ಲಿ ಹೇಳುತ್ತಿದ್ದೆ.

ಸಾಧುಪ್ರಾಣಿಗಳ ದೊಡ್ಡ ಹಿಂಡೊಂದು ಬಯಲಲ್ಲಿ ಮೇಯುತ್ತಿತ್ತು. ಹಲ್ಲಿನ ಪ್ರಾಣಿಯೊಂದು ಹೊಂಚು ಹಾಕಿ ಮರಿಯನ್ನು ಎತ್ತಿಕೊಂಡು ಹೋಯಿತು. ಸಮಿತಿಗೆ ಸಿಟ್ಟು ಬಂತು. ಹೊತ್ತೊಯ್ದ ಪ್ರಾಣಿಯ ಮೇಲಲ್ಲ.

"ಇಷ್ಟು ದೊಡ್ಡ ಮಂದೆ ಬಿಟ್ಟು ಕಾಯೋನು ಎಲ್ಲಿ ಸತ್ತ?" ಎಂದರು ಅಧ್ಯಕ್ಷರು.

ಆಗಿನ್ನೂ ಮನುಷ್ಯ ಹುಟ್ಟಿರಲಿಲ್ಲ ಎಂದು ವಿವರಿಸಿದೆ.

"ಒಂದು ನಾಯಿನೂ ಇರ್ಲಿಲ್ವಾ?"

ನಾಯಿಯೂ ಇರಲಿಲ್ಲ ಎಂದೆ. ಡೈನೋಸಾರ್‌ಗಳು ನಿರ್ನಾಮವಾದದ್ದು ಹೇಗೆಂಬ ಬಗ್ಗೆ ವಿಜ್ಞಾನಿಗಳಲ್ಲಿ ಹಲವು ವಾದಗಳಿವೆ ಎಂದು ಚಿತ್ರ ಆಮೇಲೆ ಹೇಳಿತು. ನಮ್ಮ ಸಮಿತಿಯಲ್ಲಿ ಒಂದೇ ಇತ್ತು.

೩. ಹುಣಸೆಮರದ ಆಚೆ

ಎಲ್ಲಾ ಮುಗಿಯಿತು, ಮಕ್ಕಳನ್ನು ಒಳಗೆ ಕರೆಯಬಹುದು ಎನ್ನುವಷ್ಟರಲ್ಲಿ ಟೀವಿಯಲ್ಲಿ ಒಂದು ಕೋಳಿ ನಡೆದು ಬಂತು. ಡೈನೋಸಾರ್ ಸಂತತಿಯೇ ಇಂದಿನ ಕೋಳಿ ಎಂದಿತು ಚಿತ್ರ. ನಾನೂ ಅದನ್ನೇ ಕನ್ನಡದಲ್ಲಿ ಹೇಳಿದೆ.

ಆ ಹಟ್ಟಿಗೆ ಕೋಳಿ ಆಗದು. ತಿನ್ನುವುದಿಲ್ಲ, ಸಾಕುವುದಿಲ್ಲ, ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಿರಿಯರ ಕಾಲದಿಂದ ಬಂದ ಕಟ್ಟು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ನನಗಿಂತ ಮುಂಚೆ ಇದ್ದ ಮೇಷ್ಟರೊಬ್ಬರು ಡಬ್ಬಿಯಲ್ಲಿ ಮೊಟ್ಟೆ ತರುತ್ತಿದ್ದರಂತೆ. ವರ್ಗವಾಗುವ ತನಕ ಮುಳ್ಳುಬೇಲಿಯ ಆಚೆ ಹುಣಸೆಮರದ ಕೆಳಗೆ ಕೂತು ಉಂಡರಂತೆ.

ನಾನು ಡೆಕ್ ನಿಲ್ಲಿಸಿದೆ. ಕೋಳಿ ಒಂದು ಕಾಲೆತ್ತಿಕೊಂಡು ಟೀವಿಯಲ್ಲೇ ನಿಂತಿತು.

"ಆ ದೊಡ್ಡವು ಮೊಟ್ಟೆ ಇಡ್ತಾವಾ ಮೇಷ್ಟ್ರೇ?" ಎಂದರು ಅಧ್ಯಕ್ಷರು.

ಇಡುತ್ತವೆ ಎಂದೆ.

"ಎರಡು ಕಾಲಾಗೆ ನಡೀತಾವಾ?"

ಕೆಲವು ನಡೆಯುತ್ತವೆ, ಆದರೆ ಹಲ್ಲಿವೆ ಎಂದು ವಾದಿಸಿದೆ. ಹಲ್ಲಿರುವ ಕೋಳಿ ಇನ್ನೂ ಕೆಟ್ಟದ್ದು ಎಂದರು ಯಾರೋ. ಜಗಳವೊಂದನ್ನೇ ಪರಿಶೀಲಿಸಿ ಬಂದಿದ್ದ ಹೆಡ್ ಮೇಷ್ಟರು ಗೋಡೆ ನೋಡುತ್ತಿದ್ದರು. ಕಂಬಳಿಯ ಸಂದಿಯಿಂದ ಮಕ್ಕಳ ಕಣ್ಣುಗಳೆಲ್ಲ ನನ್ನ ಮೇಲಿದ್ದವು.

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಆಂಧ್ರದ ಗಡಿಗಿರುವ ಮೊಳಕಾಲ್ಮುರು ಕಡೆಯಿಂದ ಸೊಸೆಯಾಗಿ ಬಂದವರು. ಸಿಟ್ಟು ಬಂದರೆ ತೆಲುಗಿಗೆ ಹೋಗುತ್ತಿದ್ದರು. ಅವತ್ತು ಕನ್ನಡದಲ್ಲೇ ಬಾಯಿ ತೆರೆದರು. ನನಗೆ ಸ್ವಲ್ಪ ಆಸೆ ಬಂತು.

"ಕೋಳಿ ಆಗೋ ತನಕ ಒಳಗೇ ತೋರ್ಸಿ. ಕೋಳಿ ಆದಮ್ಯಾಲೆ ಆಚಿಗೆ ತಗೊಂಡೋಗಿ."

ಹಾಗೇ ಮಾಡಿದೆವು. ಮಕ್ಕಳು ಕೋಟಿಗಟ್ಟಲೆ ವರ್ಷಗಳನ್ನು ಶಾಲೆಯೊಳಗೆ ನೋಡಿದರು. ಕೋಳಿ ಬರುವ ಹೊತ್ತಿಗೆ ಅಧ್ಯಕ್ಷರು ಬಾಗಿಲಿನಿಂದ ಕೈಯೆತ್ತಿದರು, ನಾನು ನಿಲ್ಲಿಸಿದೆ. ಟೀವಿಯನ್ನು ನಾಲ್ವರು, ಡೆಕ್ಕನ್ನು ಇಬ್ಬರು ಹೊತ್ತರು. ಇಡೀ ಶಾಲೆ ಸಾಲಾಗಿ ಬೇಲಿ ದಾಟಿ ಹುಣಸೆಮರಕ್ಕೆ ಹೋಯಿತು. ಪಕ್ಕದ ಪಂಪ್‌ಸೆಟ್ ಮನೆಯಿಂದ ಕರೆಂಟು ಎಳೆದೆವು. ಬಿಸಿಲಿಗೆ ಟೀವಿಯ ಮೇಲೆ ಕಂಬಳಿ ಹೊದಿಸಿದೆವು. ಮಕ್ಕಳು ಅದರೊಳಗೆ ತಲೆ ತೂರಿಸಿ ಉಳಿದದ್ದನ್ನು ನೋಡಿದರು. ದೂರದಿಂದ ನೋಡಿದವರಿಗೆ ಕುರಿಗಳು ನೆರಳಿಗೆ ನಿಂತಂತೆ ಕಂಡಿರಬೇಕು.

ಅಜ್ಜಿಯೂ ಬಂದು ತಲೆ ತೂರಿಸಿದರು. ಹಲ್ಲಿನ ದೊಡ್ಡ ಪ್ರಾಣಿ ಕುಗ್ಗುತ್ತಾ, ಕುಗ್ಗುತ್ತಾ, ಪುಕ್ಕ ಬಂದು, ಕೋಳಿಯಾಗಿ ಕಾಳು ಹೆಕ್ಕಿತು. ಅಜ್ಜಿ ಕಂಬಳಿಯಿಂದ ಹೊರಬಂದು ಸೆರಗು ಸರಿಮಾಡಿಕೊಂಡರು. ಅವರ ಮುಖದಲ್ಲಿ ಬಹಳ ವರ್ಷಗಳ ಸಂಶಯವೊಂದು ತೀರಿದಂತಿತ್ತು.

"ನಮ್ಮ ಹಿರೇರು ಕೋಳಿ ಬ್ಯಾಡ ಅಂತ ಸುಮ್ಮನೆ ಅಂದಿಲ್ಲ ಮೇಷ್ಟ್ರೇ."

ಆಗಿನ್ನೂ ಮನುಷ್ಯ ಹುಟ್ಟಿರಲಿಲ್ಲ ಎನ್ನಲು ಬಾಯಿ ತೆರೆದೆ. ಹೆಡ್ ಮೇಷ್ಟರು ನನ್ನ ಕಾಲು ತುಳಿದರು.

"ಅವರು ನೋಡಿದಾಗ," ಎಂದರು ಅಜ್ಜಿ, "ಅದು ಇನ್ನಾ ಇಷ್ಟು ಸಣ್ಣದಾಗಿರ್ಲಿಲ್ಲ."