ಮಾವನ ಮಾಲ್ಟಾ

ಮಾಲ್ಟಾ ದ್ವೀಪದಲ್ಲಿ ಎಲ್ಲಿ ಏನು ತಿನ್ನಬೇಕು, ಸಂಜೆ ಎಲ್ಲಿ ಕೂತು ಏನು ಕುಡಿಯಬೇಕು ಎಂದು ಕರಾರುವಾಕ್ಕಾಗಿ ಹೇಳಬಲ್ಲವರು ಇಡೀ ಚೆನ್ನೈಯಲ್ಲಿ ಒಬ್ಬರೇ. ಅವರು ನನ್ನ ಸೋದರಮಾವ. ಸಮುದ್ರದ ದಿಕ್ಕಿನಲ್ಲಿ ಅವರು ಹೋದ ಅತಿ ದೂರದ ಜಾಗವೆಂದರೆ ಅದೇ ಊರಿನ ಬಂದರಿನ ಪಕ್ಕದ ರಾಯಪುರಂ!

ಮಾವ ಉಡುಪಿ ಕಡೆಯವರು. ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೂವತ್ತು ವರ್ಷ ದೋಸೆ ಹುಯ್ದು ಈಗ ಮೇಲ್ವಿಚಾರಕರಾಗಿದ್ದಾರೆ. ಸುತ್ತೆಲ್ಲ ಸ್ಟುಡಿಯೋಗಳಾದ್ದರಿಂದ ಗಿರಾಕಿಗಳಲ್ಲಿ ಅರ್ಧ ಸಿನಿಮಾದವರು. ಮಾಲ್ಟಾದಲ್ಲಿ ಹಾಡಿನ ಶೂಟಿಂಗ್ ಮುಗಿಸಿ ಬಂದ ಯಾರೋ ಮೇಕಪ್‌ನವರು ಅಲ್ಲಿನ ಪ್ರವಾಸಿ ಕೈಪಿಡಿಯನ್ನು ಮೇಜಿನ ಮೇಲೆ ಮರೆತು ಬಿಟ್ಟುಹೋದರು. ವಾಪಸು ಕೊಡೋಣವೆಂದು ಎತ್ತಿಟ್ಟ ಮಾವ, ಕಾಯುತ್ತ ಕಾಯುತ್ತ ಅದನ್ನು ಓದಿದರು. ಎಷ್ಟು ಸಲ ಓದಿದರೆಂದರೆ ಅದರ ರಟ್ಟಿಗೆ ಈಗ ಸಾಂಬಾರಿನ ಬಣ್ಣ.

ಆಮೇಲೆ ಕೇಳಬೇಕೆ? ಯೂನಿಟ್ಟಿನವರು ಯಾರಾದರೂ ಮಾಲ್ಟಾ ಎಂದರೆ ಸಾಕು, ಮಾವ ತಟ್ಟೆಯ ಪಕ್ಕ ಹಾಜರು. ಅಲ್ಲಿ ರಾತ್ರಿ ಒಂಬತ್ತಕ್ಕೆ ಮೊದಲು ಊಟಕ್ಕೆ ಕೂರಬಾರದು, ಬರಿಹೊಟ್ಟೆಯಲ್ಲಿ ವೈನ್ ಮುಟ್ಟಬಾರದು, ಉಂಡ ಮೇಲೆ ಕಡಲದಂಡೆಯಲ್ಲಿ ನಡೆಯಲೇಬೇಕು ಎಂದು ತಮಿಳಿನಲ್ಲಿ ಅಪ್ಪಣೆ ಕೊಡುವರು. ರಾತ್ರಿಯ ಮೋಜಿನ ಈ ಪಂಡಿತರು ಸ್ವತಃ ಎಂಟೂವರೆಗೆ ಜೀರಿಗೆ ಕಷಾಯ ಕುಡಿದು ಮುಸುಕೆಳೆಯುವವರು.

ಒಮ್ಮೆ ಅಲ್ಲಿನ ಪಾಸ್ಟಿಜ್ಜಿ ಎಂಬ, ಬಟಾಣಿ ತುಂಬಿದ ಪದರಪದರದ ತಿಂಡಿಯನ್ನು ತಾವೇ ಮಾಡಿ, ಹಲಗೆಯಲ್ಲಿ 'ಇಂದಿನ ವಿಶೇಷ' ಎಂದು ಬರೆಸಿದರು. ಗಿರಾಕಿಗಳು ಅದನ್ನು ಸಾಂಬಾರಿನಲ್ಲಿ ಮುಳುಗಿಸಿ ತಿಂದು, ವಡೆ ಸರಿಯಾಗಿ ಬೆಂದಿಲ್ಲ ಎಂದರು. ಮಾವ ತಾವೇ ಹೋಗಿ ಹಲಗೆ ಒರೆಸಿದರು.

ಇಂಥ ಮಾವನ ಸೋದರಸೊಸೆಯಾದ ನಾನು, ಎರಡು ವರ್ಷದ ಹಿಂದೆ, ನಮ್ಮ ವಿಮಾ ಕಚೇರಿಯ ಬಹುಮಾನದ ಪ್ರವಾಸದಲ್ಲಿ ಮಾಲ್ಟಾಕ್ಕೇ ಹೊರಟೆ. ಮಾವ ಹಾಳೆ ತುಂಬ ದಾರಿ ಬರೆದುಕೊಟ್ಟರು: ಬಂದರಿನಿಂದ ಹತ್ತುವ ಮೆಟ್ಟಿಲ ಬೀದಿ, ಎಡಕ್ಕೆ ಮೂರನೇ ಅಂಗಡಿ, ಹಸಿರು ಬಾಗಿಲು.

"ನನಗೆ ಬೇರೆ ಎಂಥದೂ ತರುವುದು ಬೇಡ ಮಾರಾಯ್ತಿ. ಅಲ್ಲಿ ಬಟಾಣಿಯದ್ದು ಒಂದು ತಿನ್ನು. ಪದರ ಹೇಗೆ ಬಿಡ್ತದೆ ನೋಡಿ ಬಂದು ಹೇಳು. ನನ್ನದು ಎಲ್ಲಿ ತಪ್ಪಿತು ಅಂತ ಗೊತ್ತಾಗಬೇಕು."

ನಾನೇನು ಮಾಡಿದೆ? ಯಾವ ಎಣ್ಣೆಯೋ, ಯಾವ ಕೊಬ್ಬೋ ಎಂದು ಹೆದರಿ, ನಾಲ್ಕು ದಿನವೂ ಕೋಣೆಯಲ್ಲೇ ಕೂತು, ಮಾವ ಕಟ್ಟಿಕೊಟ್ಟಿದ್ದ ಚಟ್ನಿಪುಡಿಯಲ್ಲಿ ಅವಲಕ್ಕಿ ಕಲಸಿ ತಿಂದೆ. ಜೊತೆಯವರೆಲ್ಲ ದಂಡೆಯಲ್ಲಿ ಮೆರೆಯುವಾಗ ನಾನು ಬಚ್ಚಲಲ್ಲಿ ಸ್ಟೀಲ್ ತಟ್ಟೆ ತೊಳೆಯುತ್ತಿದ್ದೆ. ಆ ಮೆಟ್ಟಿಲ ಬೀದಿ ನನ್ನ ಕಿಟಕಿಯಿಂದಲೇ ಕಾಣುತ್ತಿತ್ತು.

ಮರಳಿ ಬಂದು ಹೋಟೆಲಿಗೆ ಹೋದಾಗ ಮಾವ ಎರಡು ಕಾಫಿ ಹಿಡಿದು ನಿಂತಿದ್ದರು.

"ತಿಂದೆಯಾ?"

ನಿಜ ಹೇಳಲು ನಾಚಿಕೆಯಾಯಿತು. "ಆ ಅಂಗಡಿ ಮುಚ್ಚಿಹೋಗಿದೆ ಮಾವ. ಈಗ ಅಲ್ಲಿ ಮೊಬೈಲ್ ಮಾರ್ತಾರೆ."

"ಹೌದಾ? ಪಾಪ, ಎಷ್ಟು ವರ್ಷದ ಅಂಗಡಿ," ಎಂದರು. ನನ್ನ ಕಾಫಿ ನನ್ನ ಮುಂದಿಟ್ಟು, ತಮ್ಮದನ್ನು ಕುಡಿಯದೆ ಒಳಗೆ ಹೋದರು. ಆ ತಣ್ಣಗಾದ ಕಾಫಿ ನೆನೆದರೆ ಈಗಲೂ ಸಂಕಟವಾಗುತ್ತದೆ.

ಅಂದಿನಿಂದ ಮಾವ ಮಾಲ್ಟಾದ ಮಾತೆತ್ತಲಿಲ್ಲ. ಹೋದ ತಿಂಗಳು ಹೋಟೆಲಿನಲ್ಲಿ ನನ್ನೆದುರಿಗೇ, ಊಟಕ್ಕೆ ಕೂತ ಒಬ್ಬ ಲೈಟ್‌ಮ್ಯಾನ್, "ಅಣ್ಣೇ, ಮುಂದಿನ ವಾರ ಮಾಲ್ಟಾ ಶೂಟಿಂಗ್," ಎಂದ. "ನನ್ನದು ಹಳೇ ಪುಸ್ತಕ ಅಪ್ಪಾ, ಈಗ ಅಲ್ಲಿ ಏನಿದೆಯೋ," ಎಂದು ಮಾವ ಅಡುಗೆಮನೆಯತ್ತ ಹೋಗಿಬಿಟ್ಟರು. ನನ್ನ ಒಂದು ಸುಳ್ಳು ಅವರ ದ್ವೀಪವನ್ನೇ ಮುಳುಗಿಸಿತ್ತು. ತಡೆಯಲಾಗದೆ ಹಿಂದೆಯೇ ಹೋದೆ.

"ಮಾವ, ನಾನು ಆ ಬೀದಿಗೆ ಹೋಗಲೇ ಇಲ್ಲ. ರೂಮಲ್ಲಿ ಕೂತು ಅವಲಕ್ಕಿ ತಿಂದೆ."

ಬೈಗುಳಕ್ಕೆ ತಲೆ ತಗ್ಗಿಸಿದೆ. ಮಾವ ಹೆಗಲ ಬೈರಾಸಿನಲ್ಲಿ ನಿಧಾನವಾಗಿ ಕೈ ಒರೆಸಿಕೊಂಡರು.

"ಹಾಗಾದ್ರೆ ಅಂಗಡಿ ಮುಚ್ಚಿಲ್ಲ?"

"ಗೊತ್ತಿಲ್ಲ ಮಾವ. ನಾನು ನೋಡಲಿಲ್ಲ."

"ಮುಚ್ಚಿರಲಿಕ್ಕಿಲ್ಲ," ಎಂದರು. ಆ ಲೈಟ್‌ಮ್ಯಾನ್ ಕೈ ತೊಳೆಯಲು ಏಳುವ ಮೊದಲೇ ಹಿಡಿಯಬೇಕೆಂದು ಅವಸರವಸರವಾಗಿ ಅವನ ಮೇಜಿನತ್ತ ನಡೆದರು.