ನಾಲ್ಕೂ ಗಾಲಿ ಎಳೆಯುವ ಹಳೇ ಕಾರು

ನಮ್ಮ ಮನೆಗೆ ಯಾವ ವಸ್ತು ಬರಬೇಕಾದರೂ ಅದಕ್ಕಿಂತ ಮೊದಲು ನನಗೆ ಚಿಂತೆ ಬರುತ್ತದೆ. ಮಿಕ್ಸಿ ಕೊಂಡಾಗಲೂ ಬಂದಿತ್ತು. ಫ್ರಿಜ್ ಕೊಂಡಾಗ ಅದು ಗುಂಯ್ ಅನ್ನುವುದು ಸರಿಯೋ ತಪ್ಪೋ ಎಂದು ಅಂಗಡಿಯವನಿಗೆ ಎಷ್ಟು ಸಲ ಫೋನ್ ಮಾಡಿದೆನೆಂದರೆ, ಕೊನೆಗೆ ಅವನು ತನ್ನ ಮನೆಯ ಫ್ರಿಜ್ ಪಕ್ಕದಲ್ಲಿ ಫೋನ್ ಹಿಡಿದು, "ಕೇಳ್ರಿ ಸರ್, ನಂದೂ ಹಿಂಗೇ ಕೂಗ್ತೈತೆ" ಎಂದ. ಇಂಥ ನಾನು ಹಳೇ ಕಾರು ಕೊಳ್ಳಲು ಹೊರಟರೆ ಏನೇನು ಆಗಬೇಕೋ ಅದೆಲ್ಲ ಆಯಿತು.

ಹೊರಟದ್ದು ನನಗಾಗಿ ಅಲ್ಲ. ನಾನು ಹರಿಹರದ ಒಂದು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನು. ದಾವಣಗೆರೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಕಿಟಕಿ ಪಕ್ಕ ಕೂರುವುದೇ ನನ್ನ ಪಾಲಿನ ಸಾಹಸ. ಕಾರು ಬೇಕಿದ್ದದ್ದು ನನ್ನ ಹೆಂಡತಿಗೆ. ಅವಳು ದನದ ಡಾಕ್ಟರು. ಲೋಕಿಕೆರೆ ಕಡೆಯ ಹಳ್ಳಿಗಳು ಅವಳ ಪಾಲಿಗೆ ಬಂದಿವೆ. ಅಲ್ಲಿ ಕೆಲವು ಕಡೆ ಡಾಂಬರು ಮುಗಿದ ಮೇಲೆ ಬರೀ ಎರೆಮಣ್ಣು. ಒಣಗಿದಾಗ ಸಿಮೆಂಟು, ಒಂದು ಮಳೆ ಬಿದ್ದರೆ ಹಲಸಿನ ಅಂಟು. ಹೋದ ಮಳೆಗಾಲದಲ್ಲಿ ಅವಳ ಚಿಕ್ಕ ಕಾರು ಅಲ್ಲಿ ಹೂತುಕೊಂಡಿತು. ಅವಳು ಹೋಗಬೇಕಿದ್ದ ಮನೆಯಲ್ಲಿ, ಹೊಟ್ಟೆಯೊಳಗೆ ಕರು ಅಡ್ಡ ಸಿಕ್ಕಿಕೊಂಡು ಎಮ್ಮೆಯೊಂದು ಒದ್ದಾಡುತ್ತಿತ್ತು. ಇವಳು ಬ್ಯಾಗು ಹೊತ್ತು ನಡೆದುಕೊಂಡೇ ಹೋದಳು. ಎಮ್ಮೆ ಉಳಿಯಿತು, ಕರು ಉಳಿಯಲಿಲ್ಲ. ಆ ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಅವಳು ಒಂದೇ ಮಾತು ಹೇಳಿದಳು: "ಬರೋ ಮಳೆಗಾಲದಷ್ಟರಾಗ ನಾಲ್ಕೂ ಗಾಲಿ ಎಳೆಯೋ ಕಾರು ಬೇಕು."

ಜೀಪಿನಂಥದ್ದು ತಗೋ ಎಂದೆ. ಆಗಲಿಲ್ಲ. ನಮ್ಮವ್ವನ ಮಂಡಿ ಎತ್ತರದ ಗಾಡಿ ಹತ್ತುವುದಿಲ್ಲ. ಹೆಂಡತಿಯ ಔಷಧಿ ಸಾಮಾನಿನ ವಾಸನೆಗೆ ಬೇರೆಯೇ ಮುಚ್ಚಿಕೊಳ್ಳುವ ಡಿಕ್ಕಿ ಬೇಕು. ಹಾಗಾಗಿ ಸೆಡಾನೇ ಆಗಬೇಕಾಯಿತು. ಅಂಥದ್ದನ್ನು ಹೊಸದಾಗಿ ಕೊಳ್ಳುವುದು ಕನಸಿನ ಮಾತು, ಹಾಗಾಗಿ ಹಳೇದೇ. ಇದರ ಮೇಲೆ ಅವಳದೊಂದು ಷರತ್ತು: "ಓಡ್ಸಾಕ ಖುಷಿ ಆಗ್ಬೇಕ್ರಿ. ನನ್ನ ಅರ್ಧ ಆಯುಷ್ಯ ಅದ್ರಾಗೇ ಕಳೀತೈತೆ." ನನ್ನದು ಒಂದೇ ಷರತ್ತು: ದಾರಿಯಲ್ಲಿ ನಿಲ್ಲಬಾರದು. ಖುಷಿ ಎಂಬ ಮಾತು ಕಿವಿಗೆ ಬಿದ್ದಾಗಿನಿಂದ ನನಗೆ ನಿದ್ದೆ ಇರಲಿಲ್ಲ.

ಹಿಂದಿನ ಗಾಲಿ

ಮೊದಲು ಹೋದದ್ದು ದಾವಣಗೆರೆಯಲ್ಲೇ ಹಳೇ ಕಾರಿನ ವ್ಯಾಪಾರ ಮಾಡುವ ಸಾಹೇಬರೊಬ್ಬರ ಹತ್ತಿರ. ಕೂತ ತಕ್ಷಣ ಚಹಾ ಬಂತು. ಚಹಾ ಕುಡಿದ ಮೇಲೆ ಕಾರು ಬೇಡ ಅನ್ನುವುದು ಹೇಗೆ ಎಂದು ನನಗೆ ಅಲ್ಲೇ ಚಿಂತೆ ಹತ್ತಿತು. ಹೆಂಡತಿಗೆ ಆ ಚಿಂತೆ ಇರಲಿಲ್ಲ. ಎರಡನೇ ಕಪ್ಪೂ ಕುಡಿದಳು.

"ಸಾಹೇಬ್ರೇ, ನಾಲ್ಕೂ ಗಾಲಿ ಎಳೆಯೋ ಕಾರು ಐತೇನ್ರಿ?"

"ಯಾಕಿಲ್ಲ ಮೇಡಂ. ಬರ್ರಿ." ಒಂದು ಕೆಂಪು ಕಾರಿನ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು. "ಏಕ್‌ದಂ ಕಂಡೀಶನ್. ನಾಲ್ಕೂ ನಡೀತಾವು. ಒಂದು ನಿಂತ್ರೂ ತಂದು ನನ್ನ ಅಂಗಡಿ ಮುಂದ ಬಿಡ್ರಿ."

ಹೆಂಡತಿ ನೆಲಕ್ಕೆ ಕೈಯೂರಿ ಬಗ್ಗಿ ಕಾರಿನ ಕೆಳಗೆ ನೋಡಿದಳು. ದನದ ಹೊಟ್ಟೆ ಕೆಳಗೆ ನೋಡಿ ಅಭ್ಯಾಸವಿರುವವಳು, ಬಗ್ಗುವುದಕ್ಕೆ ನಾಚುವುದಿಲ್ಲ. "ಹಿಂದಿನ ಗಾಲಿಗೆ ಶಾಫ್ಟೇ ಇಲ್ಲಲ್ರಿ. ಎಳೆಯೋವು ಮುಂದಿನ ಎರಡೇ."

ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲ. "ಮೇಡಂ, ಮನ್ಯಾಗ ಗಂಡ ಹೆಂಡ್ತಿ ಇಬ್ರೂ ಎಳೀತಾರೇನು? ಒಬ್ರು ಎಳೀತಾರ, ಇನ್ನೊಬ್ರು ಸುಮ್ನ ಹಿಂದ ಬರ್ತಾರ. ಸಂಸಾರ ನಡೀತೈತೋ ಇಲ್ಲೋ?"

ಹೆಂಡತಿ ತಿರುಗಿ ನನ್ನ ಕಡೆ ನೋಡಿದಳು. ನಾನು ಅಷ್ಟು ಹೊತ್ತೂ ಆ ಹಿಂದಿನ ಗಾಲಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಮೆಲ್ಲಗೆ ಕೈ ತೆಗೆದೆ.

ಮಳೆ ಕಾಣದ ಕಾರು

ಎರಡನೆಯದು ಶಾಮನೂರಿನ ಹೊಸ ಬಡಾವಣೆಯಲ್ಲಿ ಸಿಕ್ಕಿತು. ಮಾಲೀಕರು ನಿವೃತ್ತ ಎಂಜಿನಿಯರು, ಮಾರುವುದಕ್ಕಿದೆ ಎಂದು ಮೊಬೈಲಿನಲ್ಲಿ ಫೋಟೋ ಹಾಕಿದ್ದರು. ಈ ಸಲ ಕಾರು ನಿಜವಾಗಿಯೂ ನಾಲ್ಕೂ ಗಾಲಿ ಎಳೆಯುವಂಥದ್ದೇ. ಮಲಗಿದ ಕೂಸಿನ ಮೇಲಿನ ದುಪ್ಪಟಿ ಸರಿಸುವ ಹಾಗೆ ಅವರು ಹೊದಿಕೆ ತೆಗೆದರು.

"ಇಷ್ಟು ವರ್ಷದಾಗ ಒಂದು ಮಳೆಗೂ ಹೊರಗ ತೆಗೆದಿಲ್ಲ ನೋಡ್ರಿ."

"ಇಂಥ ಕಾರು ಇರೋದು ಮಳೆಯಾಗ ತೆಗೆಯಾಕೇ ಅಲ್ವೇನ್ರಿ ಸರ್?" ಎಂದಳು ಹೆಂಡತಿ.

"ಕೆಸರು ಸಿಡೀತೈತಲ್ರಿ."

ಓಡಿಸಿ ನೋಡಲು ಕೊಟ್ಟರು. ಅವರು ಮುಂದೆ ಕೂತರು. ನಾನು ಹಿಂದೆ, ಕಾಲ ಕೆಳಗೆ ಅವರೇ ಹಾಸಿದ ಪೇಪರಿನ ಮೇಲೆ, ಪೇಪರು ಹರಿದೀತೆಂದು ಕಾಲು ಎತ್ತಿ ಹಿಡಿದುಕೊಂಡು ಕೂತೆ. ಮೂಲೆಯ ಮನೆಯವರು ಅಂಗಳ ತೊಳೆದ ನೀರು ರಸ್ತೆಗೆ ಹರಿದಿತ್ತು. "ನಿಲ್ಸ್ರಿ, ನಿಲ್ಸ್ರಿ. ನೀರೈತೆ." ಅಷ್ಟು ನೀರಿನಲ್ಲಿ ಗುಬ್ಬಿಯೂ ಸ್ನಾನ ಮಾಡಲಾರದು. ಅಲ್ಲಿಂದ ರಿವರ್ಸಿನಲ್ಲಿ ವಾಪಸ್ ಬಂದೆವು. ಒಟ್ಟು ದಾಟಿದ್ದು ನಾಲ್ಕು ಮನೆ.

ಇಳಿದ ಮೇಲೆ ಕೇಳಿದರು: "ಅಂದಂಗೆ ನಿಮ್ದೇನ್ ಕೆಲಸ ಮೇಡಂ?"

"ದನದ ಡಾಕ್ಟ್ರು."

"ಓಹೋ. ಡಿಕ್ಕಿಯಾಗ ಏನೇನ್ ಇಡ್ತೀರಿ?"

ಸುಮ್ಮನೆ ಔಷಧಿ ಅನ್ನು ಎಂದು ನಾನು ಹಿಂದಿನಿಂದ ಸನ್ನೆ ಮಾಡಿದೆ. ನನ್ನ ಹೆಂಡತಿಗೆ ಸುಳ್ಳು ಬರುವುದಿಲ್ಲ. ಗಂಬೂಟು, ಹಗ್ಗ, ಸಗಣಿ ಸ್ಯಾಂಪಲ್ಲಿನ ಡಬ್ಬಿ ಎಂದು ಶುರು ಮಾಡಿದಳು. ಕರು ಎಳೆಯುವ ಸರಪಳಿಗೆ ಬರುವಷ್ಟರಲ್ಲಿ ಹೊದಿಕೆ ಮತ್ತೆ ಕಾರಿನ ಮೇಲಿತ್ತು.

ಗೇಟಿನ ತನಕ ಬಿಡಲು ಬಂದ ಅವರ ಹೆಂಡತಿ ದನಿ ತಗ್ಗಿಸಿ ಹೇಳಿದರು: "ಮನಸ್ಸಿಗೆ ಹಚ್ಕೋಬ್ಯಾಡ್ರಿ. ಅವ್ರು ಮಾರಾಕ ಫೋಟೋ ಹಾಕಲ್ಲ. ಮನ್ಯಾಗ ಅದನ್ನ ಹೊಗಳೋರು ಯಾರೂ ಉಳಿದಿಲ್ಲ, ಅದಕ್ಕ ಹೊರಗಿನೋರನ್ನ ಕರೀತಾರ."

ಕಾರಿನ ಕೆಳಗೆ

ಮುಂಗಾರು ಹತ್ತಿರ ಬರುತ್ತಿತ್ತು. ಮೋಡ ಕಂಡರೆ ಹೆಂಡತಿ ಅಂಗಳಕ್ಕೆ ಹೋಗಿ ಆಕಾಶ ನೋಡುತ್ತಿದ್ದಳು. ಅಂಥ ಹೊತ್ತಿನಲ್ಲಿ ಹರಿಹರದ ಒಬ್ಬ ವಕೀಲೆಯ, ನಾಲ್ಕೂ ಗಾಲಿ ಎಳೆಯುವ ಕಾರು ಮಾರಾಟಕ್ಕಿದೆ ಎಂದು ತಿಳಿಯಿತು. ಊರೂರು ಕೋರ್ಟು ತಿರುಗುವುದನ್ನು ಬಿಟ್ಟು ಈಗ ಊರಲ್ಲೇ ಕೆಲಸ ಮಾಡುತ್ತಿದ್ದರಂತೆ. ಕಾರು ಹಳೇದು, ಬಣ್ಣ ಮಾಸಿದೆ, ಬೆಲೆ ನಮ್ಮ ಕೈಗೆಟಕುವಂತಿತ್ತು. ಬೆಲೆ ಎಟಕುತ್ತದೆ ಅಂದರೆ ಒಳಗೆ ಏನೋ ಕೆಟ್ಟಿರಲೇಬೇಕು ಎಂದು ನಾನು ತೀರ್ಮಾನ ಮಾಡಿದೆ.

ಭಾನುವಾರ ನಮ್ಮ ಮೆಕ್ಯಾನಿಕ್ಕನನ್ನು ಹರಿಹರಕ್ಕೆ ಕರೆದುಕೊಂಡು ಹೋದೆವು. ಕೆಲಸ ಮಾಡಿಸಿಕೊಳ್ಳುವ ಮೊದಲು ಊಟ ಹಾಕಿಸಬೇಕಲ್ಲ, ಹೋಟೆಲಿನಲ್ಲಿ ರೊಟ್ಟಿ ಊಟ ಹಾಕಿಸಿದೆ. ಅವನು ಬಾನೆಟ್ ತೆಗೆದ, ಮೂಸಿದ, ಎಂಜಿನ್ ಶುರು ಮಾಡಿ ಕಿವಿಗೊಟ್ಟ, ಆಫ್ ಮಾಡಿದ. ಆಮೇಲೆ ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಗ್ಗಿದ. ಹೊರಗೆ ಕಾಣುತ್ತಿದ್ದದ್ದು ಎರಡು ಪಾದ ಮಾತ್ರ.

ಮೊದಮೊದಲು ಟಕಟಕ ಸದ್ದು ಬರುತ್ತಿತ್ತು. ಆಮೇಲೆ ನಿಂತಿತು. ಸ್ವಲ್ಪ ಹೊತ್ತು ಕಾದೆ. ಗೇರ್‌ಬಾಕ್ಸ್ ಒಡೆದಿರಬೇಕು. ಇನ್ನೂ ಸ್ವಲ್ಪ ಹೊತ್ತು ಕಾದೆ. ಇಲ್ಲ, ಕೆಳಗಿನ ಕಬ್ಬಿಣದ ಚೌಕಟ್ಟು, ಚಾಸಿಯೇ ತುಕ್ಕು ಹಿಡಿದಿರಬೇಕು, ಪಾಪ, ವಕೀಲೆಯ ಎದುರಿಗೆ ಹೇಳಲು ಅವನಿಗೆ ಸಂಕೋಚ. ಕೊನೆಗೆ ತಡೆಯಲಾರದೆ ಬಗ್ಗಿ ಪಿಸುಗುಟ್ಟಿದೆ: "ಎಂಥ ಕೆಟ್ಟ ಸುದ್ದಿ ಇದ್ರೂ ಹೇಳಪ್ಪ. ತಡ್ಕೋತೀನಿ."

ಉತ್ತರವಾಗಿ ಒಂದು ಗೊರಕೆ ಬಂತು.

ಕಾಲು ಹಿಡಿದು ಅಲುಗಾಡಿಸಿದೆ. ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದ. ನಾನು ರೇಗಿದೆ: "ಕಾರು ನೋಡಾಕ ಕರ್ಕೊಂಡ್ ಬಂದ್ರೆ ನಿದ್ದೆ ಹೊಡೀತೀಯೇನೋ?"

"ಕಾರು ಚಲೋ ಐತ್ರಿ ಸರ್, ಕಣ್ಣು ಮುಚ್ಚಿ ತಗೊಳ್ರಿ" ಎಂದ. "ಒಂದು ಹನಿ ಎಣ್ಣೆ ಸೋರಿದ್ರೂ ಮುಖದ ಮ್ಯಾಲೆ ಬಿದ್ದು ಎಚ್ಚರ ಆಗ್ತಿತ್ತು."

ಖುಷಿಯ ಪರೀಕ್ಷೆ

ಇನ್ನು ಉಳಿದದ್ದು ಓಡಿಸಿ ನೋಡುವುದು. ಹೆಂಡತಿ ಸ್ಟಿಯರಿಂಗ್ ಹಿಡಿದಳು, ನಾನು ಪಕ್ಕದಲ್ಲಿ ಕೂತೆ. ವಕೀಲೆ, "ಹೋಗಿ ಬರ್ರಿ, ಅವಸರ ಇಲ್ಲ" ಎಂದು ಬೀಗದ ಕೈ ಕೊಟ್ಟು ಜಗಲಿಯಲ್ಲೇ ಉಳಿದರು. ಅಲ್ಲೇ ಅವರ ಯಜಮಾನರು ಪೇಪರ್ ಓದುತ್ತಿದ್ದರು.

ಊರು ದಾಟುವ ತನಕ ಎಲ್ಲ ಸರಿ ಇತ್ತು. ಹೊಳೆಯ ಕಡೆ ತಿರುಗುವ ಖಾಲಿ ರಸ್ತೆ ಬಂತು. ಸಾಲಾಗಿ ತಿರುವುಗಳು. ಮೊದಲನೆಯ ತಿರುವಿನಲ್ಲಿ ಹೆಂಡತಿ "ಹಾಂ" ಎಂದಳು. ಎರಡನೆಯದರಲ್ಲಿ ನಕ್ಕಳು. ಕರು ಸತ್ತ ದಿನದಿಂದ ಅವಳು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನನಗೆ ಬಹಳ ಸಂತೋಷವಾಯಿತು, ಜೀವವೂ ಬಾಯಿಗೆ ಬಂದಿತ್ತು. ಬಾಗಿಲ ಮೇಲಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ರಸ್ತೆಗೆ ಅಂಟ್ಕೊಂಡ್ ಹೋಗ್ತೈತ್ರಿ" ಎಂದು ಅವಳು ಮೂರನೆಯ ತಿರುವು ತಗೊಂಡಳು. ಹಿಡಿ ಕಿತ್ತು ನನ್ನ ಕೈಗೆ ಬಂತು.

ವಾಪಸ್ ಬಂದು ಆ ಹಿಡಿಯನ್ನು ವಕೀಲೆಯ ಮುಂದೆ ಚಾಚಿದೆ. ಅವರು ವಕೀಲೆ ಬೇರೆ, ಕೇಸು ಹಾಕಿದರೆ ಏನು ಗತಿ ಎಂದು ನಾನೇ ಮೊದಲು ಹೇಳಿಬಿಟ್ಟೆ: "ನಾನೇ ರಿಪೇರಿ ಮಾಡಿಸ್ಕೊಡ್ತೀನ್ರಿ."

"ಬಿಡ್ರಿ ಸರ್, ಅದು ಕಿತ್ತು ಬರೋದು ಹೊಸದಲ್ಲ" ಎಂದು ಅವರು ನಕ್ಕರು. "ಆ ಸೀಟಿನಾಗ ನಮ್ಮನೆಯೋರು ಕೂಡ್ತಿದ್ರು."

ಪೇಪರ್ ಕೆಳಗಿಳಿಯಿತು. ಯಜಮಾನರು ನನ್ನನ್ನು ತುಂಬ ಹೊತ್ತು ನೋಡಿದರು. ಎದ್ದು ಒಳಗೆ ಹೋಗಿ ಒಂದು ಸ್ಕ್ರೂಡ್ರೈವರ್ ತಂದು ನನ್ನ ಕೈಗಿಟ್ಟರು. "ಕಾರಿನ ಜೊತೆಗೆ ಇದನ್ನೂ ಇಟ್ಕೊಳ್ರಿ. ಬೇಕಾಗ್ತೈತೆ."

ಕೆಸರಿನಲ್ಲಿ ನಿಲ್ಲಬಾರದು

ಕಾರು ಮನೆಗೆ ಬಂತು. ಅವ್ವ ಪೂಜೆ ಮಾಡಿ ನಾಲ್ಕು ಗಾಲಿಗೆ ನಾಲ್ಕು ನಿಂಬೆಹಣ್ಣು ಇಟ್ಟಳು. ನನಗೆ ಸಾಲದೆನ್ನಿಸಿ ಸ್ಟೆಪ್ನಿಗೂ ಒಂದು ಇಟ್ಟೆ. ಆಮೇಲೆ ಮಳೆ ಹಿಡಿಯಿತು.

ಒಂದು ರಜಾ ದಿನ ಮಧ್ಯಾಹ್ನ ಫೋನ್ ಬಂತು. ಲೋಕಿಕೆರೆಯಿಂದ ಆಚೆಗೆ, ಹೋದ ವರ್ಷದ ಅದೇ ಮನೆ, ಅದೇ ಎಮ್ಮೆ. ಕರು ಮತ್ತೆ ಸಿಕ್ಕಿಕೊಂಡಿದೆ. ಹೆಂಡತಿಯ ಮುಖ ಬಿಳಿಚಿತು. ಅವಳನ್ನು ಒಬ್ಬಳೇ ಕಳಿಸಲು ನನಗೆ ಮನಸ್ಸಾಗಲಿಲ್ಲ, ನಾನೂ ಹತ್ತಿದೆ.

ಡಾಂಬರು ಮುಗಿಯಿತು. ಎರೆಮಣ್ಣು ಶುರುವಾಯಿತು. ದೂರದಲ್ಲಿ, ಹೋದ ಸಲ ಕಾರು ಹೂತ ಜಾಗದ ಆಚೆ, ಎಮ್ಮೆ ಮಾಲೀಕನ ಅಣ್ಣ ಇನ್ನೊಬ್ಬನ ಜೊತೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು, ಹಗ್ಗ ಹಿಡಿದು ಕಾಯುತ್ತಿದ್ದ. ಈ ಸಲವೂ ಡಾಕ್ಟರಮ್ಮ ಹೂತುಕೊಳ್ಳುತ್ತಾಳೆಂದು ಮನೆಯವರು ಮೊದಲೇ ಕಳಿಸಿದ್ದರು.

"ಏನೂ ಮಾತಾಡ್ಬ್ಯಾಡ್ರಿ. ಇಲ್ಲಿ ನಿಲ್ಲಂಗಿಲ್ಲ. ನಿಂತ್ರೆ ಮುಗೀತು" ಎಂದಳು ಹೆಂಡತಿ.

ಕಾರು ನಡೆಯುವ ವೇಗದಲ್ಲಿ ಕೆಸರಿಗೆ ಇಳಿಯಿತು. ಹಿಂಭಾಗ ಒಮ್ಮೆ ಎಡಕ್ಕೆ ಜಾರಿತು, ಒಮ್ಮೆ ಬಲಕ್ಕೆ. ಎಂಜಿನ್ ಗುರುಗುಟ್ಟಿತು. ನನ್ನ ಕಣ್ಣ ಮುಂದೆ ಹೋದ ವರ್ಷದ ಆ ಸತ್ತ ಕರು ಬಂತು. ಇಷ್ಟೆಲ್ಲ ಓಡಾಡಿ ತಂದ ಕಾರು ನನ್ನ ಭಾರದಿಂದಲೇ ನಿಂತುಹೋದರೆ? ಒಬ್ಬನ ತೂಕ ಇಳಿದರೆ ಅಷ್ಟಾದರೂ ಹಗುರವಾದೀತು. ಬಾಗಿಲು ತೆಗೆದವನೇ ಜಿಗಿದುಬಿಟ್ಟೆ.

ಮೊಣಕಾಲಿನವರೆಗೆ ಹೂತೆ. ಕಾರು ಏನೂ ಆಗಿಲ್ಲವೆಂಬಂತೆ, ನಾಲ್ಕೂ ಗಾಲಿಯಿಂದ ನನ್ನ ಮೇಲೆ ಕೆಸರು ಎರಚಿ, ಟ್ರ್ಯಾಕ್ಟರಿನ ಪಕ್ಕದಿಂದ ದಾಟಿ ಹೊರಟುಹೋಯಿತು. ಹೆಂಡತಿ ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಿಲ್ಲಿಸಲಿಲ್ಲ. ಒಂದು ಕಾಲು ಕಿತ್ತರೆ ಇನ್ನೊಂದು ಒಳಗೆ ಹೋಗುತ್ತಿತ್ತು. ಚಪ್ಪಲಿ ಭೂಮಿತಾಯಿಗೆ ಸೇರಿದವು. ಕಾರು ದಾಟಿ ಹೋದದ್ದನ್ನು ನೋಡಿ ಮುಖ ಸಪ್ಪೆ ಮಾಡಿಕೊಂಡಿದ್ದ ಟ್ರ್ಯಾಕ್ಟರಿನವನ ಕಣ್ಣಿಗೆ ನಾನು ಬಿದ್ದೆ. ಇಬ್ಬರೂ ಬಂದು ಸೊಂಟಕ್ಕೆ ಹಗ್ಗ ಹಾಕಿ ಎಳೆದರು. ಬೋರಲು ಬಿದ್ದುಕೊಂಡೇ ಹೊರಗೆ ಬಂದೆ.

"ಡಾಕ್ಟ್ರಮ್ಮನ ಕಾರು ಎಳೆಯಾಕ ಬಂದಿದ್ವಿ ಸರ್. ಬಂದದ್ದು ದಂಡ ಆಗ್ಲಿಲ್ಲ ಬಿಡ್ರಿ" ಎಂದು ಅವನು ನನ್ನನ್ನು ಟ್ರ್ಯಾಕ್ಟರಿಗೆ ಹತ್ತಿಸಿಕೊಂಡ.

ನಾವು ಮುಟ್ಟುವ ಹೊತ್ತಿಗೆ ಕರುವಿನ ಮುಂಗಾಲು ಹೊರಗೆ ಬಂದಿತ್ತು. ಹೆಂಡತಿ ಎಳೆದಳು. ಎಮ್ಮೆ ಒಮ್ಮೆ ಕೂಗಿತು, ಕರು ಹುಲ್ಲಿನ ಮೇಲೆ ಬಿತ್ತು. ಅಲುಗಾಡಲಿಲ್ಲ. ಅವಳು ಅದರ ಮೂಗು ಒರೆಸಿ, ಎದೆ ತಿಕ್ಕಿ, ಹುಲ್ಲಿನ ಕಡ್ಡಿ ಮೂಗಿಗೆ ಆಡಿಸಿದಳು. ಕರು ಸೀನಿತು, ಕಿವಿ ಝಾಡಿಸಿತು. ನನಗೆ ಅಳು ತಡೆಯಲಾಗಲಿಲ್ಲ. ಮುಖದ ಮೇಲಿನ ಕೆಸರಿನಿಂದಾಗಿ ಯಾರಿಗೂ ಗೊತ್ತಾಗಲಿಲ್ಲ.

ಈದ ಎಮ್ಮೆಗೆ ಬಿಸಿನೀರು ಹಾಕುವುದು ಪದ್ಧತಿ. ಆ ಮನೆಯ ಅಜ್ಜಿ ಹಂಡೆ ಕಾಯಿಸಿ ಇಟ್ಟಿದ್ದರು. ಗಡಗಡ ನಡುಗುತ್ತ ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ಎಮ್ಮೆಯನ್ನೂ ಒಂದೊಂದು ಸಲ ನೋಡಿದರು. ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಇರಲಿಲ್ಲ.

"ಡಾಕ್ಟ್ರಮ್ಮ, ಬಿಸಿನೀರು ಇರೋದು ಒಂದೇ ಹಂಡೆ. ಎಮ್ಮಿಗ್ ಹಾಕ್ಲೋ, ನಿಮ್ಮನೆಯೋರಿಗ್ ಹಾಕ್ಲೋ?"

ನಾನು ಆಸೆಯಿಂದ ಹೆಂಡತಿಯ ಕಡೆ ನೋಡಿದೆ. ಅವಳು ಕರುವಿನ ಮೈ ತಿಕ್ಕುವುದನ್ನು ನಿಲ್ಲಿಸದೆ, ತಲೆಯನ್ನೂ ಎತ್ತದೆ ಹೇಳಿದಳು:

"ಮೊದ್ಲು ಎಮ್ಮಿಗ್ ಹಾಕಜ್ಜಿ. ಇಷ್ಟು ಕಷ್ಟ ಬಂದ್ರೂ ಅದು ಅರ್ಧ ದಾರಿಯಾಗ ಜಿಗಿದು ಓಡ್ಹೋಗ್ಲಿಲ್ಲ."