ಮಾವನ ಕೋಳಿಗೂಡಿನ ಪಾಸಿಂಗು

ಕೋಳಿಗೂಡಿನೊಳಗೆ ಕೂತು ಹೆಂಡತಿಯ ಕೈಯಿಂದ ಚಹಾ ಇಸಿದುಕೊಂಡ ಗಂಡಸು ಇಡೀ ಯಲ್ಲಾಪುರ ತಾಲೂಕಿಗೆ ಒಬ್ಬರೇ. ಅವರು ನನ್ನ ಸೋದರಮಾವ ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ. ಪಡಬೇಕಾದ ನಾಚಿಕೆಯನ್ನೆಲ್ಲ ಪಟ್ಟು ಮುಗಿಸಿದ್ದೇನೆ!

ಮಾವ ಮೂವತ್ತು ವರ್ಷ ಲಾರಿ ಓಡಿಸಿದವರು. ಘಟ್ಟ ಇಳಿಯುವ ಮೊದಲು ಗಾಡಿ ನಿಲ್ಲಿಸಿ, ಹೊರೆಗೆ ಬಿಗಿದ ಹಗ್ಗವನ್ನು ಮೂರು ಸಲ ಜಗ್ಗಿ ನೋಡಲೇಬೇಕು. ಒಂದು ಚೀಲ ಉದುರಿದ್ದಿಲ್ಲ. ಅಂಥವರು ನಾಲ್ಕು ವರ್ಷಗಳ ಹಿಂದೆ ಒಂದು ಸಂಜೆ ಅತ್ತೆಯ ಕೋಳಿಗೂಡಿನ ಚಿಲಕ ಹಾಕುವುದನ್ನು ಮರೆತರು. ಬೆಳಿಗ್ಗೆ ನೋಡಿದರೆ ಬರೀ ಪುಕ್ಕ! ಹನ್ನೊಂದು ಕೋಳಿಗಳನ್ನೂ ಕಾಡುಬೆಕ್ಕು ಮುಗಿಸಿತ್ತು.

"ನಾ ಹಾಕಿದ್ದೆ. ಚಿಲಕಾನೇ ತುಕ್ಕು ಹಿಡಿದು ಸಡಿಲಾಗಿತ್ತು" ಎಂದರು ಮಾವ.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಜಗಳವಾಗಿ ಅಂದೇ ಮುಗಿಯುತ್ತಿತ್ತಲ್ಲ! "ಇನ್ನು ಕೋಳಿ ಬ್ಯಾಡ" ಎಂದಷ್ಟೇ ಹೇಳಿ ಗೂಡಿಗೆ ಸೌದೆ ತುಂಬಿಸಿದರು. ಊರವರ ಸರಕನ್ನು ಕಾದ ಮನುಷ್ಯನಿಗೆ ಆ ಸೌದೆಯನ್ನು ದಿನಾ ನೋಡುವುದು ಹೇಗಿತ್ತೋ!

ಮೊನ್ನೆ ನಾನು ಹೋದಾಗ ಸೌದೆಯೆಲ್ಲ ಅಂಗಳದಲ್ಲಿತ್ತು.

"ಎಂತ ಮಾವ ಇದು?"

"ಪಾಸಿಂಗು ತಮಾ! ನಾಳೆ ನಂದೊಳ್ಳಿಯಿಂದ ಆರು ಹ್ಯಾಟೆ ಕೋಳಿ ಬರ್ತವೆ. ನಿಂತ ಗಾಡಿ ಆರ್‌ಟಿಓ ತಪಾಸಣೆ ಇಲ್ಲದೆ ಹಾಂಗೇ ರಸ್ತೆಗಿಳೀತದಾ?"

ಕೆಂಪುಕಲ್ಲಿನ ಸಂದಿಗಳಿಗೆ ಬೆಂಕಿ ತೋರಿಸಿ ಹೇನು ಓಡಿಸಿದರು. ಸುಣ್ಣ ಬಳಿದರು. ನೆಲಕ್ಕೆ ಬೂದಿ, ಭತ್ತದ ಹೊಟ್ಟು ಹರಡಿದರು. ಇಲ್ಲಿಯವರೆಗೆ ಅಡ್ಡಿಲ್ಲ. ಆಮೇಲೆ ಗೂಡಿನ ಹಿಂದುಗಡೆ ಲಾರಿಯ ಕೆಂಪು ರಿಫ್ಲೆಕ್ಟರ್ ಅಂಟಿಸಿದರು!

"ಗೂಡು ಎಲ್ಲಿಗೆ ಹೊರಟದೆ ಮಾವ?"

"ಅದು ಹೋಗೂದಿಲ್ಲ. ಹಿಂದಿನಿಂದ ಕಾಡುಬೆಕ್ಕು ಬರ್ತದಲ್ಲ, ಹೆದರಬೇಕು!"

ಕಬ್ಬಿಣದ ಸರಳಿನ ಹೊಸ ಬಾಗಿಲಿಗೆ ಚಿಲಕ ಒಂದಲ್ಲ, ಮೂರು. ಭದ್ರವೋ ಇಲ್ಲವೋ ನೋಡಲು ತಾವೇ ಬಗ್ಗಿ ಒಳಗೆ ತೂರಿ, "ಹಾಕು!" ಎಂದರು. ಹಾಕಿದೆ. ಒದ್ದರು, ಗುದ್ದಿದರು, ಬಾಗಿಲು ಅಲ್ಲಾಡಲಿಲ್ಲ. ಪಾಸ್! ಆದರೆ ತೆಗೆಯಲು ಹೋದರೆ ಮೂರನೆಯ ಚಿಲಕ ನನಗೂ ಬಗ್ಗಲಿಲ್ಲ. ನಾನು ಸುತ್ತಿಗೆ ಹುಡುಕುತ್ತಿದ್ದಾಗ ಸದ್ದಿಗೆ ಅತ್ತೆ ಹೊರಬಂದರು. ಸುಣ್ಣ ಬಳಿದ ಗೂಡನ್ನು ನೋಡಿದರು, ಸರಳಿನ ಹಿಂದಿನ ಗಂಡನನ್ನು ನೋಡಿದರು.

"ಯಾರನ್ನ ಕೇಳಿ ಕೋಳಿ ತರೂಕೆ ಹೇಳಿದ್ರಿ?"

ಮಾವ ಒಳಗಿಂದಲೇ ಸರಳು ಹಿಡಿದುಕೊಂಡರು. "ಅವತ್ತು ಚಿಲಕ ಸಡಿಲಾಗಿರಲಿಲ್ಲ ಮಾರಾಯ್ತಿ. ನಾನೇ ಹಾಕಿರಲಿಲ್ಲ."

"ಗೊತ್ತಿತ್ತು. ಅದು ಹೇಳೋಕೆ ಗೂಡೇ ಹೊಗಬೇಕಾಯ್ತಾ?"

ಅತ್ತೆ ಒಳಗೆ ಹೋದರು. ಆಯಿತು, ಆರು ಹ್ಯಾಟೆಗಳೂ ನಂದೊಳ್ಳಿಯಲ್ಲೇ ಉಳಿದಂತೆಯೇ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಬಂದು, ಮೊಟ್ಟೆ ತೆಗೆಯುವ ಕಿಂಡಿಯೊಳಗೆ ಚಹಾದ ಲೋಟ ತೂರಿಸಿದರು!

ಮರುದಿನ ಸಂಜೆ ಹ್ಯಾಟೆಗಳನ್ನು ಗೂಡಿಗೆ ಹೊಗಿಸಿದವರು ಅತ್ತೆಯೇ. ಚಿಲಕ ಹಾಕಿದವರೂ ಅವರೇ. ಬಾಗಿಲನ್ನು ಒಮ್ಮೆ ಜಗ್ಗಿದರು, ಇನ್ನೊಮ್ಮೆ ಜಗ್ಗಿದರು. ಮಾವ ಜಗುಲಿಯ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದರು.

ಅತ್ತೆ ತಿರುಗಿ ನೋಡಿದರು.

"ಅಲ್ಲೆಂತ ನಿಂತ್ರಿ? ಬರ್ರಿ, ಮೂರನೇ ಸಲ ನೀವು ಜಗ್ಗಿ."